ಕಾರ್ಡ್ ‘ಸೇವ್’ ಮಾಡಲೇ ಎಂದು ಕೇಳುತ್ತಿರುವುದು ಯಾರು?

ಮಾನ್ಯ ಸಂಪಾದಕರೇ,

‘ಬ್ರೌಸರ್‌ನಲ್ಲಿ ಕ್ರೆಡಿಟ್ ಕಾರ್ಡ್ ವಿವರ ಉಳಿಸಬೇಡಿ’ ಎಂಬ ಒಂದು ಸಾಲಿನ ಎಚ್ಚರಿಕೆ ಆಗಾಗ ಕಣ್ಣಿಗೆ ಬೀಳುತ್ತದೆ. ಯಾಕೆ ಬೇಡ, ಯಾವ ಕಂಪ್ಯೂಟರ್‌ನಲ್ಲಿ ಬೇಡ, ಈಗಾಗಲೇ ಉಳಿಸಿಬಿಟ್ಟಿದ್ದರೆ ಏನು ಮಾಡಬೇಕು ಎನ್ನುವುದನ್ನು ಮಾತ್ರ ಬಿಡಿಸಿ ಹೇಳುವವರು ಕಡಿಮೆ. ಅದರಿಂದಾಗಿ ಜನ ಉಳಿಸಬಹುದಾದ ಕಡೆ ಹೆದರುತ್ತಾರೆ, ಉಳಿಸಲೇಬಾರದ ಕಡೆ ಸಲೀಸಾಗಿ ‘ಓಕೆ’ ಒತ್ತುತ್ತಾರೆ. ಮೈಸೂರು, ಮಂಡ್ಯ ಕಡೆಯ ಸೈಬರ್ ಸೆಂಟರ್‌ಗಳಲ್ಲಿ ಕೂತು ಪರೀಕ್ಷಾ ಶುಲ್ಕ, ಸೆಸ್ಕ್ ಕರೆಂಟ್ ಬಿಲ್ಲು, ಬಸ್ ಟಿಕೆಟ್ಟಿಗೆ ಕಾರ್ಡ್ ಬಳಸುವವರಿಗೆ ಇದು ತಿಳಿದಿರಬೇಕು.

ಹಣ ಕಟ್ಟುವ ಪುಟದಲ್ಲಿ ‘ಸೇವ್ ಕಾರ್ಡ್’ ಎಂಬ ಪ್ರಶ್ನೆ ಎರಡು ಬೇರೆ ಬೇರೆ ಬಾಯಿಂದ ಬರುತ್ತದೆ. ಮೊದಲನೆಯದು ಕಾರ್ಡ್ ಸಂಖ್ಯೆ ತುಂಬುವ ಜಾಗದ ಕೆಳಗೇ, ಟಿಕ್ ಹಾಕುವ ಪುಟ್ಟ ಚೌಕದ ಪಕ್ಕದಲ್ಲಿ, ಸಾಮಾನ್ಯವಾಗಿ ‘ಆರ್‌ಬಿಐ ನಿಯಮದಂತೆ’ ಎಂಬ ಮಾತಿನ ಜೊತೆ ಇರುತ್ತದೆ. ಇದನ್ನು ಕೇಳುವುದು ನೀವು ಸಾಮಾನು ಕೊಳ್ಳುತ್ತಿರುವ ಜಾಲತಾಣ. ಎರಡನೆಯದು ಪುಟದ ಒಳಗೆ ಇರುವುದಿಲ್ಲ. ವಿವರ ತುಂಬಿ ಮುಂದೆ ಹೋದ ಮೇಲೆ ಮೇಲಿನ ವಿಳಾಸಪಟ್ಟಿಯ ಬಲಗಡೆಯಿಂದ ಇಳಿದುಬರುವ ಪೆಟ್ಟಿಗೆ ಅದು. ಇದನ್ನು ಕೇಳುವುದು ಬ್ರೌಸರ್, ಅಂದರೆ ಜಾಲತಾಣ ತೆರೆಯಲು ಬಳಸುವ ಕ್ರೋಮ್, ಎಡ್ಜ್‌ನಂಥ ತಂತ್ರಾಂಶ. ನೋಡಲು ಒಂದೇ ಥರ ಇದ್ದರೂ ಎರಡಕ್ಕೂ ಅಜಗಜಾಂತರ.

ಮೊದಲನೆಯದಕ್ಕೆ ಟಿಕ್ ಹಾಕಿದರೆ ನಿಮ್ಮ 16 ಅಂಕಿಗಳು ಅಂಗಡಿಯವರ ಬಳಿ ಉಳಿಯುವುದಿಲ್ಲ. 2022ರ ಅಕ್ಟೋಬರ್ 1ರಿಂದ ಭಾರತದಲ್ಲಿ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಗಳನ್ನು ಬಿಟ್ಟು ಬೇರೆ ಯಾರೂ ಪೂರ್ತಿ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಇಟ್ಟುಕೊಳ್ಳಬಹುದು, ಅಷ್ಟೇ. ಸಂಖ್ಯೆಯ ಬದಲು ಒಂದು ಟೋಕನ್, ಅಂದರೆ ಬದಲಿ ಸಂಕೇತ, ಹುಟ್ಟುತ್ತದೆ. ಅದು ಆ ಕಾರ್ಡ್ ಮತ್ತು ಆ ಅಂಗಡಿಯ ಜೋಡಿಗೆ ಮಾತ್ರ ನಡೆಯುತ್ತದೆ. ನಾಳೆ ಆ ಅಂಗಡಿಯ ಸರ್ವರ್‌ಗೇ ಕನ್ನ ಬಿದ್ದರೂ ಸಿಕ್ಕ ಟೋಕನ್ನನ್ನು ಕಳ್ಳ ಬೇರೆ ಕಡೆ ಚಲಾಯಿಸಲಾರ. ಟೋಕನ್ ಮಾಡುವಾಗ ಒಟಿಪಿ ಕೇಳುತ್ತಾರೆ, ಇದಕ್ಕೆ ನೀವು ಶುಲ್ಕ ಕೊಡಬೇಕಾಗಿಲ್ಲ. ಎಲ್ಲೆಲ್ಲಿ ಟೋಕನ್ ಇದೆ ಎಂಬ ಪಟ್ಟಿಯನ್ನು ಬ್ಯಾಂಕ್ ತನ್ನ ಆ್ಯಪ್‌ನಲ್ಲೋ ಜಾಲತಾಣದಲ್ಲೋ ತೋರಿಸಬೇಕು, ಬೇಡವಾದದ್ದನ್ನು ಅಲ್ಲೇ ತೆಗೆಯಲೂ ಬರಬೇಕು. ಪದೇ ಪದೇ ಬಳಸುವ ತಾಣದಲ್ಲಿ ಈ ಟಿಕ್ ಹಾಕುವುದು, ಪ್ರತಿ ಸಲ ಸಂಖ್ಯೆ ಟೈಪ್ ಮಾಡುವುದಕ್ಕಿಂತ ವಾಸಿ.

ಬ್ರೌಸರ್ ಅಂಗಡಿಯಲ್ಲವಾದ್ದರಿಂದ ಈ ನಿಯಮ ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಬರೆದಿಡುವ ಪ್ರತಿಯನ್ನು ಕಾಯುವುದಿಲ್ಲ. ಅಲ್ಲಿ ಉಳಿಯುವುದು ಟೋಕನ್ ಅಲ್ಲ, ನಿಜವಾದ ಕಾರ್ಡ್ ಸಂಖ್ಯೆ, ಮುಗಿಯುವ ತಿಂಗಳು, ವರ್ಷ, ಹೆಸರು. ವಿಂಡೋಸ್‌ನಲ್ಲಿ ಕ್ರೋಮ್ ಇದನ್ನು ನಿಮ್ಮ ಪ್ರೊಫೈಲ್ ಫೋಲ್ಡರಿನ ಒಳಗೆ ‘ವೆಬ್ ಡೇಟಾ’ ಎಂಬ ಫೈಲಿನಲ್ಲಿ ಇಡುತ್ತದೆ. ಬರೆದದ್ದು ಗೂಢಲಿಪಿಯಲ್ಲೇ ಇರುತ್ತದೆ, ಅದು ನಿಜ. ಆದರೆ ಅದನ್ನು ಬಿಚ್ಚುವ ಕೀಲಿಯನ್ನು ವಿಂಡೋಸ್ ಕಾಯುವುದು ಲಾಗಿನ್ ಆಗಿರುವ ಬಳಕೆದಾರನ ಹೆಸರಿನಲ್ಲಿ. ಅದೇ ಲಾಗಿನ್‌ನಲ್ಲಿ ಓಡುವ ಇನ್ನೊಂದು ಪ್ರೋಗ್ರಾಮ್ ಕೀಲಿ ಕೇಳಿದರೂ ಅದು ಕೊಟ್ಟುಬಿಡುತ್ತಿತ್ತು. ಕ್ರ್ಯಾಕ್ ಮಾಡಿದ ಫೋಟೊಶಾಪ್, ಪುಕ್ಕಟೆ ಆಫೀಸ್ ‘ಆ್ಯಕ್ಟಿವೇಟರ್’ ಜೊತೆ ಒಳನುಗ್ಗುವ ಕಳ್ಳ ತಂತ್ರಾಂಶಗಳು ಮಾಡುವುದು ಇದನ್ನೇ. ರೆಡ್‌ಲೈನ್, ಲುಮ್ಮಾ ಇಂಥವುಗಳಲ್ಲಿ ಹೆಸರುವಾಸಿ. 2024ರ ಅಕ್ಟೋಬರ್‌ನಲ್ಲಿ ಒಂದರ, 2025ರ ಮೇನಲ್ಲಿ ಇನ್ನೊಂದರ ಬೇರಿಗೆ ಹಲವು ದೇಶಗಳವರು ಸೇರಿ ಕೊಡಲಿ ಹಾಕಿದರು. ಕ್ರೋಮ್ ಕೂಡ 2024ರಲ್ಲಿ 127ನೇ ಆವೃತ್ತಿಯಿಂದ ವಿಂಡೋಸ್‌ನಲ್ಲಿ ಇನ್ನೊಂದು ಬೀಗ ಸೇರಿಸಿತು, ಮೊದಲಿಗೆ ಕುಕಿಗಳಿಗೆ (ನೀವು ಲಾಗಿನ್ ಆಗಿದ್ದನ್ನು ತಾಣ ನೆನಪಿಡಲು ಬ್ರೌಸರ್‌ನಲ್ಲಿ ಇಡುವ ಪುಟ್ಟ ಗುರುತುಗಳು). ಕೆಲವೇ ತಿಂಗಳಲ್ಲಿ ಅದನ್ನು ದಾಟುವ ದಾರಿಯೂ ಹೊರಬಿತ್ತು. ಈ ಓಟ ನಿಲ್ಲುವಂಥದ್ದಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಕಂಪ್ಯೂಟರ್ ಬಲ್ಲವರೂ ಇದನ್ನು ಮರೆಯುತ್ತಾರೆ. ಬ್ರೌಸರ್ ಉಳಿಸಿದ ಪಾಸ್‌ವರ್ಡ್ ಆಯಾ ಜಾಲತಾಣದ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಬ್ಯಾಂಕಿನ ಹೆಸರಲ್ಲಿ ಒಂದಕ್ಷರ ಬದಲಿಸಿದ ನಕಲಿ ತಾಣ ಬಂದರೆ ಪಾಸ್‌ವರ್ಡ್ ತಾನಾಗಿ ತುಂಬುವುದಿಲ್ಲ, ಅದೇ ಒಂದು ಎಚ್ಚರಿಕೆಯ ಗಂಟೆ. ಕಾರ್ಡ್ ಹಾಗಲ್ಲ. ಅದು ಯಾವ ತಾಣಕ್ಕೂ ಅಂಟಿಕೊಂಡಿಲ್ಲ. ನಕಲಿ ಕರೆಂಟ್ ಬಿಲ್ ಪುಟದಲ್ಲೂ ಕಾರ್ಡಿನ ಚೌಕ ಮುಟ್ಟಿದ ಕೂಡಲೇ ಪಟ್ಟಿ ಇಳಿಯುತ್ತದೆ, ಆರಿಸಿದರೆ ತುಂಬಿಬಿಡುತ್ತದೆ. ಕೈಯಲ್ಲಿ ಟೈಪ್ ಮಾಡುವಾಗ ‘ಇದು ಯಾವ ತಾಣ’ ಎಂದು ಒಮ್ಮೆ ಮೇಲೆ ನೋಡುವ ವ್ಯವಧಾನವಾದರೂ ಇರುತ್ತದೆ.

ಹಾಗೆಂದು ಕೈಯಲ್ಲೇ ಟೈಪ್ ಮಾಡಿದರೆ ಪೂರ್ತಿ ಕ್ಷೇಮ ಎಂದೂ ಅಲ್ಲ. ‘ಎಲ್ಲ ಜಾಲತಾಣಗಳ ಮಾಹಿತಿ ಓದುವ ಮತ್ತು ಬದಲಿಸುವ’ ಅನುಮತಿ ಪಡೆದ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಒಂದು ಬ್ರೌಸರ್‌ನಲ್ಲಿ ಕೂತಿದ್ದರೆ ನೀವು ಟೈಪ್ ಮಾಡಿದ್ದನ್ನೂ ಓದಬಲ್ಲದು. ಪಿಡಿಎಫ್ ಜೋಡಿಸಲು, ವಿಡಿಯೊ ಇಳಿಸಲು ಎಂದು ಹಾಕಿಕೊಂಡು ಮರೆತವನ್ನು ಇವತ್ತೇ ತೆಗೆಯುವುದು ಒಳ್ಳೆಯದು.

ಸಂಖ್ಯೆ ಕಳ್ಳನ ಕೈ ಸೇರಿದರೆ ಒಟಿಪಿ ಇದೆಯಲ್ಲ ಎನ್ನುವವರುಂಟು. ನಮ್ಮ ದೇಶದ ಆನ್‌ಲೈನ್ ಪಾವತಿಗೆ 2009ರಿಂದಲೇ ಎರಡನೇ ಹಂತದ ದೃಢೀಕರಣ ಕಡ್ಡಾಯ, ಅದು ಬಹಳ ಜನರನ್ನು ಕಾದಿದೆ. ಆದರೆ ಹೊರದೇಶದ ಎಷ್ಟೋ ತಾಣಗಳು ಒಟಿಪಿ ಕೇಳದೆ, ಸಂಖ್ಯೆ, ಅವಧಿ, ಕಾರ್ಡಿನ ಹಿಂದಿರುವ ಮೂರಂಕಿಯ ಸಿವಿವಿ ಇಷ್ಟರಲ್ಲೇ ಹಣ ಎಳೆಯುತ್ತವೆ. ಸಿವಿವಿಯನ್ನೂ ಕೇಳದವು ಇವೆ. ಕದ್ದ ಕಾರ್ಡ್ ಸಾಮಾನ್ಯವಾಗಿ ಓಡುವುದು ಅಲ್ಲಿಗೇ.

ಆದ್ದರಿಂದ ಸಿವಿವಿಯ ಮಾತು ಬೇರೆಯೇ ಹೇಳಬೇಕು. ಫೈರ್‌ಫಾಕ್ಸ್ ಅದನ್ನು ಉಳಿಸುವುದಿಲ್ಲ. ಕ್ರೋಮ್‌ನಲ್ಲಿ ‘ಸೇವ್ ಸೆಕ್ಯುರಿಟಿ ಕೋಡ್ಸ್’ ಎಂಬ ಗುಂಡಿ ಬಂದಿದೆ. ಅದನ್ನು ಆನ್ ಮಾಡುವುದೆಂದರೆ ಮನೆಗೆ ಬೀಗ ಜಡಿದು ಬೀಗದ ಕೈಯನ್ನು ಬಾಗಿಲ ಮೇಲಿನ ಪಟ್ಟಿಯಲ್ಲೇ ಇಟ್ಟುಹೋದಂತೆ. ಮೂರು ಅಂಕಿ ನೆನಪಿಟ್ಟುಕೊಳ್ಳಲು ಯಾರಿಗೂ ಕಷ್ಟವಿಲ್ಲ, ಆಫ್ ಮಾಡಿ.

ಹಾಗಾದರೆ ಎಲ್ಲಿ ಉಳಿಸಬಹುದು? ಸ್ವಂತದ, ಬೆರಳಚ್ಚು ಅಥವಾ ಪಿನ್ ಲಾಕ್ ಇರುವ, ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕದ ಫೋನಿನಲ್ಲಿ ಸಿವಿವಿ ಬಿಟ್ಟು ಉಳಿಸಿದರೆ ತೊಂದರೆ ಕಾಣುವುದಿಲ್ಲ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಉಳಿಸಲೇಬೇಕೆಂದಿದ್ದರೆ ಕಂಪ್ಯೂಟರ್‌ನೊಳಗೆ ಇಡುವ ಬದಲು ಗೂಗಲ್ ಖಾತೆಯಲ್ಲಿ ಇಡುವುದು ಮೇಲು. ಖಾತೆಯಲ್ಲಿಟ್ಟ ಕಾರ್ಡಿನ ಕೊನೆಯ ಅಂಕಿಗಳಷ್ಟೇ ಕಂಪ್ಯೂಟರ್‌ನಲ್ಲಿರುತ್ತವೆ, ಬಳಸಬೇಕಾದರೆ ಸಿವಿವಿ ಅಥವಾ ಬೆರಳಚ್ಚಿನಂಥ ಪರೀಕ್ಷೆ ದಾಟಬೇಕು. ಆಗ ಕಾವಲು ಪೂರ್ತಿ ಆ ಖಾತೆಯ ಪಾಸ್‌ವರ್ಡ್ ಮೇಲೆ ನಿಲ್ಲುವುದರಿಂದ ಟೂ-ಸ್ಟೆಪ್ ವೆರಿಫಿಕೇಷನ್ (ಪಾಸ್‌ವರ್ಡ್ ಆದಮೇಲೆ ಇನ್ನೊಂದು ಪರೀಕ್ಷೆ) ಹಾಕದೆ ಇದಕ್ಕೆ ಕೈಹಾಕಬಾರದು. ಮನೆಮಂದಿಯೆಲ್ಲ ಒಂದೇ ಲಾಗಿನ್‌ನಲ್ಲಿ ಬಳಸುವ ಕಂಪ್ಯೂಟರ್, ಆಫೀಸಿನ ಕಂಪ್ಯೂಟರ್, ಮಕ್ಕಳು ಗೇಮ್ ಇಳಿಸಿಕೊಳ್ಳುವ ಲ್ಯಾಪ್‌ಟಾಪ್, ಇವುಗಳಲ್ಲಿ ಬೇಡ. ರಿಪೇರಿಗೆ ಕೊಡುವಾಗ ನಾವೇ ಚೀಟಿಯ ಮೇಲೆ ವಿಂಡೋಸ್ ಪಾಸ್‌ವರ್ಡ್ ಬರೆದು ಅಂಟಿಸುತ್ತೇವಲ್ಲ, ಅದಕ್ಕೂ ಮೊದಲು ಕಾರ್ಡ್ ಅಳಿಸಿರಬೇಕು.

ಈಗಾಗಲೇ ಏನೇನು ಉಳಿದಿದೆ ನೋಡಲು ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಆಟೋಫಿಲ್ ಅಂಡ್ ಪಾಸ್‌ವರ್ಡ್ಸ್, ಅದರಲ್ಲಿ ಪೇಮೆಂಟ್ ಮೆಥಡ್ಸ್ ತೆರೆಯಿರಿ. ಕಾರ್ಡ್‌ಗಳ ಪಟ್ಟಿ ಬರುತ್ತದೆ. ಅಳಿಸುವಾಗ ಜನ ಎಡವುವುದು ಇಲ್ಲೇ: ಖಾತೆಯಲ್ಲಿರುವ ಕಾರ್ಡನ್ನು ಇಲ್ಲಿಂದ ಕಿತ್ತುಹಾಕಲು ಆಗುವುದಿಲ್ಲ, ಅದು ಗೂಗಲ್‌ನ ಪಾವತಿ ಪುಟಕ್ಕೆ ಕರೆದೊಯ್ಯುತ್ತದೆ. ಬ್ರೌಸಿಂಗ್ ಹಿಸ್ಟರಿ ಎಷ್ಟು ಸಲ ಅಳಿಸಿದರೂ ಅಂಥ ಕಾರ್ಡ್ ಹೋಗುವುದಿಲ್ಲ. ಅಳಿಸಿದ ಮೇಲೆ ಅದೇ ಪುಟದ ಮೇಲ್ಭಾಗದ ‘ಸೇವ್ ಅಂಡ್ ಫಿಲ್ ಪೇಮೆಂಟ್ ಮೆಥಡ್ಸ್’ ಆಫ್ ಮಾಡಿದರೆ ಪೆಟ್ಟಿಗೆ ಮತ್ತೆ ಬರುವುದಿಲ್ಲ. ಉಳಿಸಿಕೊಳ್ಳುವವರು ಪ್ರತಿ ಸಲ ಬೆರಳಚ್ಚು ಅಥವಾ ಪಿನ್ ಕೇಳುವ ಆಯ್ಕೆಯನ್ನು ಅಲ್ಲೇ ಆನ್ ಮಾಡಬೇಕು. ಕಾರ್ಡ್ ನವೀಕರಣವಾಗಿ ಹೊಸ ಅವಧಿ ಬಂದಾಗ ಇಲ್ಲಿ ತಿದ್ದದಿದ್ದರೆ ಹಳೆಯ ತಿಂಗಳು, ವರ್ಷವೇ ತುಂಬಿಕೊಂಡು ಪಾವತಿ ವಿಫಲವಾಗುತ್ತದೆ. ‘ಬ್ಯಾಂಕ್ ಸರ್ವರ್ ಡೌನ್’ ಎಂದು ಬೈಯುವ ಎಷ್ಟೋ ಪ್ರಸಂಗಗಳ ಮೂಲ ಇಷ್ಟೇ.

ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರ ನಡೆಸುವವರಿಗೆ ಮುಖ್ಯವಾಗಿ ಒಂದು ಮಾತು. ನಿಮ್ಮಲ್ಲಿ ಒಂದೇ ವಿಂಡೋಸ್ ಲಾಗಿನ್ ಮೇಲೆ ದಿನವಿಡೀ ಗಿರಾಕಿಗಳು ಕೂರುತ್ತಾರೆ. ಪ್ರಿಂಟ್ ತೆಗೆಯಲೆಂದು ಜಿಮೇಲ್ ತೆರೆದವರು ಲಾಗ್‌ಔಟ್ ಆಗದೆ ಎದ್ದುಹೋದರೆ ಅವರ ಖಾತೆಯ ಕಾರ್ಡ್ ಕೂಡ ಮುಂದಿನವರ ಪಟ್ಟಿಯಲ್ಲಿ ಕಾಣಿಸಬಹುದು. ಇನ್‌ಕಾಗ್ನಿಟೊ ಕಿಟಕಿ ಇದಕ್ಕೆ ಪೂರ್ತಿ ಮದ್ದಲ್ಲ. ಅದು ಹೊಸದನ್ನು ಉಳಿಸುವುದಿಲ್ಲ, ಆದರೆ ಆಗಲೇ ಉಳಿದಿರುವುದನ್ನು ತೋರಿಸುತ್ತದೆ. ಗಿರಾಕಿಗೆ ಕೊಡಬೇಕಾದ್ದು ‘ಗೆಸ್ಟ್’ ಕಿಟಕಿ, ಮುಚ್ಚಿದ ಕೂಡಲೇ ಬ್ರೌಸರ್‌ನಲ್ಲಿ ಉಳಿದದ್ದೆಲ್ಲ ಅಳಿಯುತ್ತದೆ.

ಪ್ರತಿಯೊಬ್ಬರಿಗೂ ಹೇಳುತ್ತ ಕೂರುವ ಬದಲು ಕಂಪ್ಯೂಟರ್‌ನಲ್ಲೇ ಕಟ್ಟು ಹಾಕಿಬಿಡಬಹುದು. ಮೊದಲು ಉಳಿದಿರುವ ಕಾರ್ಡ್‌ಗಳನ್ನೆಲ್ಲ ಅಳಿಸಿ. ಆಮೇಲೆ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳನ್ನು ತಿದ್ದುವ ರಿಜಿಸ್ಟ್ರಿ ಎಡಿಟರ್‌ನಲ್ಲಿ ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಎಂಬ ಹಾದಿಗೆ ಹೋಗಿ. ಕೊನೆಯ ಎರಡು ಫೋಲ್ಡರ್ ಇಲ್ಲದಿದ್ದರೆ ಮಾಡಿಕೊಳ್ಳಿ. ಅಲ್ಲಿ 32 ಬಿಟ್‌ನ ಡಿವರ್ಡ್ (ಅಂಕಿ ಇಡುವ ನಮೂದು) ಒಂದನ್ನು ‘ಆಟೋಫಿಲ್‌ಕ್ರೆಡಿಟ್‌ಕಾರ್ಡ್‌ಎನೇಬಲ್ಡ್’ ಹೆಸರಿನಲ್ಲಿ ಸೃಷ್ಟಿಸಿ 0 ಕೊಟ್ಟರೆ ಕಾರ್ಡ್ ಉಳಿಸುವ ಪ್ರಶ್ನೆಯೇ ಏಳುವುದಿಲ್ಲ. ‘ಬ್ರೌಸರ್‌ಸೈನ್‌ಇನ್’ಗೂ 0 ಕೊಟ್ಟರೆ ಯಾರ ಖಾತೆಯೂ ಬ್ರೌಸರ್‌ಗೆ ಅಂಟುವುದಿಲ್ಲ. ‘ಬ್ರೌಸರ್‌ಗೆಸ್ಟ್‌ಮೋಡ್‌ಎನ್‌ಫೋರ್ಸ್ಡ್’ಗೆ 1 ಕೊಟ್ಟರೆ ಕ್ರೋಮ್ ಗೆಸ್ಟ್ ಕಿಟಕಿಯಾಗಿಯೇ ತೆರೆಯುತ್ತದೆ. ಇವನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ನಡುವೆ ಜಾಗ ಬಿಡಬಾರದು, ಪ್ರತಿ ಪದದ ಮೊದಲ ಅಕ್ಷರ ಮಾತ್ರ ದೊಡ್ಡದಿರಬೇಕು (‘ಆಟೋಫಿಲ್’, ‘ಸೈನ್‌ಇನ್’ ಇವು ಒಂದೊಂದೇ ಪದ ಎಂದು ಲೆಕ್ಕ). ಸರಿಯಾಯಿತೇ ಎಂದು ವಿಳಾಸಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಪಾಲಿಸಿ ಎಂದು ಟೈಪ್ ಮಾಡಿ ನೋಡಿ. ಕಾಗುಣಿತ ತಪ್ಪಿದ್ದರೆ ‘ಅನ್‌ನೋನ್ ಪಾಲಿಸಿ’ ಎಂದು ತೋರಿಸುತ್ತದೆ. ಎಡ್ಜ್‌ಗೂ ಕಾರ್ಡಿನ ಸಾಲು ಅದೇ, ಹಾದಿ ಮಾತ್ರ ಪಾಲಿಸೀಸ್ ಒಳಗೆ ಮೈಕ್ರೋಸಾಫ್ಟ್, ಎಡ್ಜ್. ಕಟ್ಟು ಹಾಕಿದ ಮೇಲೆ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಸಾಲು ಮೆನುವಿನಲ್ಲಿ ಬರುತ್ತದೆ, ಗಾಬರಿ ಬೇಡ. ಕಂಪ್ಯೂಟರ್ ಒಂದಕ್ಕೆ ಹತ್ತು ನಿಮಿಷದ ಕೆಲಸ. ಇದಕ್ಕೂ ಸಬೂಬು ಹೇಳುವ ಅಂಗಡಿಯಲ್ಲಿ ಕಾರ್ಡ್ ಹೊರತೆಗೆಯದಿರುವುದೇ ಲೇಸು.

ಗಿರಾಕಿಗಳು ಅಲ್ಲಿ ಕ್ರೆಡಿಟ್ ಕಾರ್ಡೇ ಬಳಸಬೇಕೆಂದಿದ್ದರೆ, ಅದು ರುಪೇ ಕಾರ್ಡಾಗಿದ್ದಲ್ಲಿ ಫೋನಿನ ಯುಪಿಐಗೆ ಜೋಡಿಸಿ ಪರದೆಯ ಕ್ಯೂಆರ್ ಸ್ಕ್ಯಾನ್ ಮಾಡಬಹುದು. ಕಾರ್ಡ್ ಸಂಖ್ಯೆ ಆ ಕೀಲಿಮಣೆಯನ್ನು ಮುಟ್ಟುವುದೇ ಇಲ್ಲ.

ಬ್ರೌಸರ್‌ನಲ್ಲಿ ಉಳಿಸಿ, ಬಿಡಿ, ಕಾರ್ಡಿನ ಸ್ವಿಚ್‌ಗಳನ್ನು ಮಾತ್ರ ಎಲ್ಲರೂ ಒಮ್ಮೆ ನೋಡಲೇಬೇಕು. 2020ರ ಜನವರಿ 15ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಎಟಿಎಂ, ಅಂಗಡಿ ಯಂತ್ರ, ಆನ್‌ಲೈನ್, ತಾಗಿಸಿ ಪಾವತಿ ಇವನ್ನೆಲ್ಲ ದೇಶದೊಳಗೆ ಬೇರೆ, ವಿದೇಶಕ್ಕೆ ಬೇರೆ ಎಂದು ಆನ್, ಆಫ್ ಮಾಡುವ, ಮಿತಿ ಹಾಕುವ ಸೌಲಭ್ಯವನ್ನು ಬ್ಯಾಂಕ್ ದಿನದ 24 ಗಂಟೆ ಕೊಡಬೇಕು. ಆ್ಯಪ್‌ನಲ್ಲಿ ಕಾರ್ಡಿನ ಮೇಲೆ ಒತ್ತಿದರೆ ‘ಮ್ಯಾನೇಜ್’ ಅಥವಾ ‘ಕಂಟ್ರೋಲ್’ ಹೆಸರಿನಲ್ಲಿ ಸಿಗುತ್ತದೆ. ವಿದೇಶಿ ಆನ್‌ಲೈನ್ ಆಫ್ ಇದ್ದರೆ ಮೇಲೆ ಹೇಳಿದ ಒಟಿಪಿ ಇಲ್ಲದ ದಾರಿ ಅಲ್ಲೇ ಮುಚ್ಚಿತು. ಹೊರದೇಶದಿಂದ ಬಿಲ್ಲಾಗುವ ಯಾವುದಾದರೂ ಚಂದಾ ಇದ್ದರೆ ಅದೂ ನಿಲ್ಲುತ್ತದೆ. ಅಂಥವರು ಬಿಲ್ಲಿನ ದಿನ ಆನ್ ಮಾಡಿ ಮತ್ತೆ ಆಫ್ ಮಾಡಬೇಕು, ಇಲ್ಲವೇ ಮಿತಿಯನ್ನು ಚಂದಾದ ಮೊತ್ತಕ್ಕೆ ತಂದಿಡಬೇಕು.

ಇಷ್ಟಾದರೂ ಗೊತ್ತಿಲ್ಲದ ಕಡಿತದ ಎಸ್‌ಎಂಎಸ್ ಬಂದರೆ ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಆಮೇಲೆ ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹಾಕಿಕೊಟ್ಟ ಲೆಕ್ಕ ಹೀಗಿದೆ: ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ, ಎಸ್‌ಎಂಎಸ್ ಬಂದ ದಿನ ಬಿಟ್ಟು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗಾದರೆ 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ಮೇಲ್ಪಟ್ಟ ಮಿತಿಗೆ 25,000. ಆಮೇಲೆ ಆಯಾ ಬ್ಯಾಂಕಿನ ನೀತಿ. ಒಟಿಪಿ ನೀವೇ ಹೇಳಿಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಪೂರ್ತಿ ನಿಮ್ಮದು, ಆನಂತರದ್ದು ಬ್ಯಾಂಕಿನದು. ದೂರು ಮುಟ್ಟಿದ ಹತ್ತು ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ವಾಪಸು ಜಮೆ ಮಾಡಬೇಕು. ಗ್ರಾಹಕನ ತಪ್ಪಿದೆ ಎಂದು ರುಜುವಾತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ‘ನೀವು ಬ್ರೌಸರ್‌ನಲ್ಲಿ ಸೇವ್ ಮಾಡಿದ್ದಿರಿ, ನಮಗೆ ಸಂಬಂಧವಿಲ್ಲ’ ಎಂದು ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ, ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ.

ಇಂತಿ,
ಕಂಪ್ಯೂಟರ್ ಸರ್ವಿಸ್ ಮತ್ತು ನೆಟ್‌ವರ್ಕ್ ಕೆಲಸದಲ್ಲಿರುವ ಓದುಗರು,
ಸರಸ್ವತಿಪುರಂ, ಮೈಸೂರು