ರಸ್ಟ್ ಕಲಿಯಲೇ ಎಂದು ಕೇಳಿದ ಪುಟ್ಟಿಗೆ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ಕೈಗೆ ಹತ್ತುವಷ್ಟರಲ್ಲಿ ಗೆಳತಿಯರೆಲ್ಲ ರಸ್ಟ್ ಎಂಬ ಇನ್ನೊಂದು ಭಾಷೆಯ ಜಪ ಮಾಡುತ್ತಿದ್ದಾರೆ, ಕಲಿತದ್ದೆಲ್ಲ ದಂಡವಾಯಿತೇನೋ ಎಂದು ಬರೆದಿದ್ದೀಯ. ನಾನು ಕೋಬಾಲ್ ಎಂಬ ಭಾಷೆಯಲ್ಲಿ ಬರೆಯಲು ಕೂತಾಗಲೂ ಅದರ ಕಾಲ ಮುಗಿಯಿತು ಅನ್ನುತ್ತಿದ್ದರು ಕಣೇ. ನಾನು ನಿವೃತ್ತನಾದೆ, ಅದು ಇನ್ನೂ ಬ್ಯಾಂಕುಗಳಲ್ಲಿ ದುಡಿಯುತ್ತಿದೆ.

ಒಂದು ಭಾಷೆ ಕಲಿಯುವ ಮುಂಚೆ ಅದು ಯಾರ ತಲೆನೋವಿಗೆ ಮದ್ದಾಗಿ ಹುಟ್ಟಿತು ಎಂದು ವಿಚಾರಿಸು. ಐಬಿಎಂನ ಜಾನ್ ಬ್ಯಾಕಸ್‌ಗೆ ಯಂತ್ರದ ಸಂಕೇತಗಳಲ್ಲಿ ಪ್ರೋಗ್ರಾಂ ಬರೆಯುವುದೆಂದರೇ ಬೇಸರ. ಆ ಬೇಸರದಿಂದ 1957ರಲ್ಲಿ ಫೋರ್ಟ್ರಾನ್ ಎಂಬ ಭಾಷೆ ಬಂತು. ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ, ಹುಟ್ಟಿಸಿದ ಕೋಡು ಕೈಯಲ್ಲಿ ಬರೆದದ್ದರಷ್ಟು ಚುರುಕಾಗಿರಲು ಸಾಧ್ಯವಿಲ್ಲ ಎಂದು ಬಹಳ ಜನ ನಂಬಿದ್ದ ಕಾಲ ಅದು. ಹಾಗಾಗಿ ಅವರ ತಂಡ ವೇಗಕ್ಕಾಗಿಯೇ ಹೆಚ್ಚು ಹೆಣಗಿತು. ಫೋರ್ಟ್ರಾನಿನಲ್ಲಿ ಐ ಇಂದ ಎನ್‌ವರೆಗಿನ ಅಕ್ಷರಗಳಲ್ಲಿ ಶುರುವಾಗುವ ಹೆಸರುಗಳು ತಾವಾಗಿಯೇ ಪೂರ್ಣಾಂಕಗಳು. ನೀನು ಲೂಪಿಗೆ ಐ, ಜೆ ಎಂದು ಹೆಸರಿಡುತ್ತೀಯಲ್ಲ, ಗಣಿತದವರ ಆ ರೂಢಿ ಕೋಡಿನಲ್ಲಿ ಬೇರೂರಿದ್ದು ಹೀಗೆ.

ಇನ್ನೊಬ್ಬ ಕಂಪ್ಯೂಟರ್ ತಜ್ಞೆ ಗ್ರೇಸ್ ಹಾಪರ್ ಅವರ ಚಿಂತೆಯೇ ಬೇರೆ. ಲೆಕ್ಕಪತ್ರದವರಿಗೆ ಸೂತ್ರಗಳು ಒಗ್ಗುವುದಿಲ್ಲ, ಇಂಗ್ಲಿಷ್ ಪದಗಳಲ್ಲೇ ಬರೆಯುವಂತಿರಲಿ ಎಂದರು. ಅವರು ರೂಪಿಸಿದ್ದ ಭಾಷೆ ಫ್ಲೋ-ಮ್ಯಾಟಿಕ್‌ನ ಜಾಡಿನಲ್ಲೇ 1959ರಲ್ಲಿ ಸಮಿತಿಯೊಂದು ಕೋಬಾಲ್ ರೂಪಿಸಲು ಕೂತಿತು. 80 ಅಂಕಣದ ಪಂಚ್ ಕಾರ್ಡಿನಲ್ಲಿ ಜಾಗ ಉಳಿಸಲು ಇಸವಿಗೆ ಎರಡೇ ಅಂಕಿ ಇಟ್ಟವರ ಪಾಪವನ್ನು, 2000 ಬಂದಾಗ ಯಂತ್ರ 00 ಅನ್ನು 1900 ಎಂದು ಓದೀತೆಂಬ ಭಯದಲ್ಲಿ, ನಾನು 1999ರಲ್ಲಿ ರಾತ್ರಿಯೆಲ್ಲ ಕೂತು ತೊಳೆದೆ. ಆಗ ಅವರನ್ನು ಬೈದದ್ದುಂಟು. ಮೆಮೊರಿ ಎಷ್ಟು ತುಟ್ಟಿಯಾಗಿತ್ತು ಎಂದು ತಿಳಿದಮೇಲೆ ಬೈಗುಳ ಕಡಿಮೆಯಾಯಿತು.

ಇನ್ನು ನಿನ್ನ ರಸ್ಟ್. ಅದಕ್ಕೆ ಸಿ ಭಾಷೆಯ ಕಥೆ ಬೇಕು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಸಿ ಕಟ್ಟಿದರು. ಪಿಡಿಪಿ-11 ಎಂಬ ಪುಟ್ಟ ಯಂತ್ರದಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಓಡಬೇಕಿತ್ತು. ಅರೇ ಅಂದರೆ ಮೆಮೊರಿಯಲ್ಲಿ ಸಾಲಾಗಿರುವ ಮನೆಗಳು. ಅದರ ಗಡಿ ದಾಟಿದೆಯಾ ಎಂದು ಸಿ ನೋಡುವುದಿಲ್ಲ, ಬರೆಯುವವನಿಗೆ ಗೊತ್ತಿರುತ್ತದೆ ಎಂದು ನಂಬುತ್ತದೆ. 1988ರಲ್ಲಿ ಮೋರಿಸ್ ವರ್ಮ್ ಎಂಬ ತಾನಾಗಿಯೇ ಹರಡುವ ಪ್ರೋಗ್ರಾಂ, ಬೇರೆ ದಾರಿಗಳ ಜೊತೆಗೆ ಆ ನಂಬಿಕೆಯ ಸಂದಿಯನ್ನೂ ಬಳಸಿ ಸಾವಿರಾರು ಕಂಪ್ಯೂಟರುಗಳಿಗೆ ನುಗ್ಗಿತು. 2015ರಲ್ಲಿ 1.0 ಆಗಿ ಬಂದ ರಸ್ಟ್, ಮೆಮೊರಿಯ ಯಜಮಾನಿಕೆ ಯಾರದೆಂದು ಕಂಪೈಲ್ ಆಗುವಾಗಲೇ ಕೇಳಿ, ಅರೇಯ ಗಡಿಯನ್ನು ಪ್ರೋಗ್ರಾಂ ಓಡುವಾಗ ನೋಡಿ, ಮೆಮೊರಿಯ ತಪ್ಪುಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ. ಅಂದಹಾಗೆ, ನೀನು ಬಳಸುವ ಪೈಥಾನ್ ಕೂಡ ಬಹುಮಟ್ಟಿಗೆ ಸಿ ಭಾಷೆಯಲ್ಲೇ ಬರೆದದ್ದು.

ಆದ್ದರಿಂದ ರಸ್ಟ್‌ಗೆ ಮುಂಚೆ ಒಂದು ತಿಂಗಳು ಸಿ ಬರೆ. ಹತ್ತು ಮನೆಯ ಅರೇ ಮಾಡಿ ಬೇಕೆಂದೇ ಹನ್ನೊಂದನೆಯದಕ್ಕೆ ಬರೆದು ನೋಡು. ಕೆಲವು ಸಲ ಏನೂ ಆಗುವುದಿಲ್ಲ, ಭಯಪಡಬೇಕಾದದ್ದು ಆಗಲೇ, ಯಾಕೆಂದರೆ ಪಕ್ಕದ ಮೆಮೊರಿ ಸದ್ದಿಲ್ಲದೆ ಕೆಟ್ಟಿರಬಹುದು. ಆಮೇಲೆ ರಸ್ಟ್ ಕಂಪೈಲರ್ ಗದರಿದಾಗ ಯಾಕೆ ಗದರುತ್ತಿದೆ ಎಂದು ನಿನಗೇ ಹೊಳೆಯುತ್ತದೆ. ಆ ಹನ್ನೊಂದನೆಯ ಮನೆಯಲ್ಲಿ ಏನು ಕಂಡಿತೆಂದು ನನಗೆ ಬರೆ.

ಇತಿ,
ನಿನ್ನ ಮಾವ