ಒನ್ ವೇ ಬಾಡಿಗೆ ಕಾರು: ಬುಕ್ ಮಾಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಹಾಸನದಿಂದ ದೆಹಲಿವರೆಗೆ ಕಾರಲ್ಲಿ ಹೋಗಿ, ರೈಲಲ್ಲಿ ವಾಪಸ್ ಬರೋಣ ಅಂತಿರುವವರಿಗೆ ಈ ಸೂಚನೆ.

ಸೆಲ್ಫ್ ಡ್ರೈವ್ ಕಾರನ್ನು ಸಾಮಾನ್ಯವಾಗಿ ತಗೊಂಡ ಊರಲ್ಲೇ ಬಿಡಬೇಕು. ಬೇರೆ ಊರಲ್ಲಿ ಬಿಡಲು ಒಪ್ಪಿದರೆ, ಖಾಲಿ ಗಾಡಿ ವಾಪಸ್ ತರಿಸುವ ಖರ್ಚನ್ನು ನಿಮ್ಮ ಬಿಲ್ಲಿಗೇ ಸೇರಿಸುತ್ತಾರೆ. ಹಾಗಾಗಿ ದಿನದ ಬಾಡಿಗೆ ನೋಡಿ ಮರುಳಾಗಬೇಡಿ. ಲೆಕ್ಕ ಹೀಗೆ ಹಾಕಿ: ದಾರಿ 2,000 ಕಿ.ಮೀ.ಗೂ ಜಾಸ್ತಿ. ಬಾಡಿಗೆಯಲ್ಲಿ ದಿನಕ್ಕೆ 300 ಕಿ.ಮೀ. ಮಿತಿ ಅಂದರೆ 5 ದಿನಕ್ಕೆ 1,500. ಉಳಿದ 500 ಕಿ.ಮೀ.ಗೆ, ಕಿ.ಮೀ.ಗೆ 12 ರೂಪಾಯಿಯಂತೆ ಹಿಡಿದರೂ 6,000 ಹೆಚ್ಚುವರಿ. ಡ್ರಾಪ್ ಚಾರ್ಜ್ (ಬೇರೆ ಊರಲ್ಲಿ ಬಿಡುವ ಶುಲ್ಕ) ಬೇರೆ, ಟೋಲ್ ಬೇರೆ.

ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನ ಸ್ವಂತ ಬಳಕೆಯ ಕಾರು ಅಗ್ಗಕ್ಕೆ ಸಿಕ್ಕರೂ ಬೇಡ. ಅದನ್ನು ಬಾಡಿಗೆಗೆ ಬಿಡುವಂತಿಲ್ಲ, ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ಪರ್ಮಿಟ್ ಯಾವ ರಾಜ್ಯಗಳಿಗೆ ಅಂತ ಓದಿ ನೋಡಿ, ಕೇಳಿದರೆ ಸಾಲದು. ಸ್ಪೀಡ್ ಗವರ್ನರ್ (ವೇಗಕ್ಕೆ ಮಿತಿ ಹಾಕುವ ಸಾಧನ) ಇದ್ದರೆ ಗಾಡಿ ಗಂಟೆಗೆ 80 ಕಿ.ಮೀ. ದಾಟಲ್ಲ, ದಿನದ ಗುರಿ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಕೀ ತಗೊಳ್ಳುವಾಗ ಹಗಲು ಬೆಳಕಲ್ಲೇ ವಿಡಿಯೋ ಮಾಡಿ: ನಾಲ್ಕೂ ಟೈರ್, ಸ್ಟೆಪ್ನಿ, ಜಾಕ್, ಬಂಪರಿನ ಅಡಿಭಾಗ, ಓಡೋಮೀಟರ್, ಇಂಧನದ ಮುಳ್ಳು. ಬಿಡುವಾಗಲೂ ಅಷ್ಟೇ. ಡೆಪಾಸಿಟ್ ಜಗಳ ಹುಟ್ಟುವುದೇ ಬಂಪರಿನ ಅಡಿಯ ಗೀರಿನಿಂದ.

ಮಳೆಗಾಲದಲ್ಲಿ ಮಂಗಳೂರಿನಿಂದ ಕಾರು ತರುವವರು ಶಿರಾಡಿ ಘಾಟಿ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ.