ಹಿಂಡಿ ಚೀಲದ ಹಿಂದೆ ಕೂತವನು ಮಗಳಿಗೆ ಬರೆದ ಪತ್ರ

ಪುಟ್ಟೀ,

ಈ ಪತ್ರ ನಿನ್ನ ಜಾಮಿಟ್ರಿ ಬಾಕ್ಸಿನಲ್ಲಿ ಇಡುತ್ತಿದ್ದೇನೆ. ಕೈವಾರ ತೆಗೆಯುವಾಗ ಸಿಗುತ್ತದೆ. ಎದುರಿಗೆ ಕೂತು ಹೇಳಬಹುದಿತ್ತು, ಆದರೆ ನಿನ್ನೆ ಮಧ್ಯಾಹ್ನದಿಂದ ನೀನು ಆಡಿದ್ದು ಒಟ್ಟು ಮೂರೇ ಮಾತು. "ಬೇಡ." "ಗೊತ್ತಿಲ್ಲ." "ಅಜ್ಜಿ, ಅಪ್ಪಂಗೆ ಹೇಳು, ಊಟಕ್ಕೆ ಬರ್ಬೇಕಂತೆ." ಮೂರನೆಯದು ನನಗೆ ಹೇಳಿದ್ದಲ್ಲ, ಆದರೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಶುಕ್ರವಾರ ಸಂಜೆ ಕ್ರಾಸಿನ ಅಂಗಡಿಯಲ್ಲಿ ಹಿಂಡಿ ಚೀಲಗಳ ಹಿಂದೆ ಕೂತಿದ್ದವನು ನಾನೇ. ಅಂಗಡಿಯಣ್ಣ ನಿನಗೆ ಹೇಳಿದ್ದು ಸುಳ್ಳಲ್ಲ. ಅವನು ಜಾಸ್ತಿ ಸೇರಿಸಿ ಹೇಳಿರಬಹುದು, ಅದು ಅವನ ಅಭ್ಯಾಸ, ಆದರೆ ಚೀಲದ ಹಿಂದೆ ಕೂತಿದ್ದು ಮಾತ್ರ ನಿಜ. ತಲೆ ಮೇಲೆ ಹಾಕಿಕೊಂಡಿದ್ದು ಖಾಲಿ ಗೊಬ್ಬರದ ಚೀಲ ಅನ್ನೋದೂ ನಿಜ.

ಜುಲೈ ಒಂದರಿಂದ ಬಸ್ ಇಳಿದು ಮನೆಗೆ ಒಬ್ಬಳೇ ಬರುತ್ತೇನೆ ಅಂತ ನೀನು ಹೇಳಿದೆ, ನಾನು ಆಯ್ತು ಅಂದೆ. ಜೂನ್ ಇಡೀ ದಿನಾ ಎರಡು ಹೊತ್ತು ಬೈಕ್ ತೆಗೆದುಕೊಂಡು ಕ್ರಾಸಿಗೆ ಬಂದವನು, ಅವತ್ತಿಂದ ಮನೆಯಲ್ಲೇ ಉಳಿದೆ. ಹತ್ತು ದಿನ ಉಳಿದೆ ಅನ್ನೋದನ್ನು ದಯವಿಟ್ಟು ನೆನಪಿಡು. ಐದು ಗಂಟೆಯಾದರೆ ಅಂಗಳದ ತುದಿಗೆ ಹೋಗಿ ದನ ಬಂತಾ ನೋಡುವುದು, ಮತ್ತೆ ಒಳಗೆ ಬರುವುದು, ಮತ್ತೆ ಹೋಗುವುದು. ದನ ನಾಲ್ಕಕ್ಕೇ ಕೊಟ್ಟಿಗೆ ಸೇರಿರುತ್ತಿತ್ತು. ಅಮ್ಮ ನೋಡಿಯೂ ನೋಡದ ಹಾಗೆ ಇದ್ದಳು.

ಶುಕ್ರವಾರ ಏನಾಯಿತು ಅಂದರೆ, ಎಂಟು ದಿನ ಬಿಡದೆ ಹೊಯ್ದ ಮಳೆ ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ಅಡಿಕೆಗೆ ಕೊಳೆರೋಗ ಬರದ ಹಾಗೆ ಎರಡನೇ ಸಲದ ಔಷಧಿ ಹೊಡೆಸಲು ನಾನು ಕಾಯುತ್ತಿದ್ದೆನಲ್ಲ, ಹೊಳವು ಕಂಡ ಕೂಡಲೇ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಫೋನ್ ಮಾಡಿದೆ. ಅವನೂ ಬಂದುಬಿಟ್ಟ. ಈಗಿನ ಕಾಲದಲ್ಲಿ ಕರೆದ ದಿನವೇ ಕೊನೆಗಾರ ಬರುವುದು ಅಂದರೆ ಲಾಟರಿ ಹೊಡೆದ ಹಾಗೆ. ಎರಡು ಡ್ರಮ್ ಬೋರ್ಡೋ ಔಷಧಿ ಕಲಸಿದೆ. ಒಂದು ಡ್ರಮ್ ಮುಗಿಯುವಾಗ ಮೂರೂವರೆ. ಆಗುಂಬೆ ಕಡೆಯಿಂದ ಕಪ್ಪಾಗಿ ಬಂತು ನೋಡು, ತೋಟದ ಒಳಗೆ ಸಂಜೆ ಏಳು ಗಂಟೆಯ ಹಾಗೆ ಕತ್ತಲು. ಕರೆಂಟು ಹೋಯಿತು. ಕರೆಂಟು ಹೋದರೆ ನಮ್ಮ ಟವರೂ ಹೋಗುತ್ತದೆ, ಗೊತ್ತಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ನೀನು ಬಸ್ ಹತ್ತಿದೆಯಾ ಅಂತ ಕೇಳೋಣ ಅಂದರೆ ಅದೂ ಆಗಲಿಲ್ಲ.

ಕೊನೆಗಾರನಿಗೆ "ಈಗ ಬಂದೆ" ಅಂತ ಹೇಳಿ ಹೊರಟೆ. ಎಲ್ಲಿಗೆ ಅಂತ ಹೇಳಲಿಲ್ಲ. ಅವನು ಮರದ ಬುಡದಲ್ಲಿ ಎಲೆ ಅಡಿಕೆ ಹಾಕಿಕೊಂಡು ಒಂದೂವರೆ ಗಂಟೆ ಕಾದನಂತೆ. ಆಮೇಲೆ ಮಳೆ ಹಿಡಿದುಕೊಂಡಿತು, ಇನ್ನೊಂದು ಡ್ರಮ್ ಹಾಗೇ ಉಳಿಯಿತು. ಬೋರ್ಡೋ ಕಲಸಿದ ದಿನವೇ ಹೊಡೆಯಬೇಕು, ಮಾರನೇ ದಿನಕ್ಕೆ ಅದು ಪ್ರಯೋಜನಕ್ಕಿಲ್ಲ. 200 ಲೀಟರ್ ನೀರಿಗೆ ಹಾಕಿದ 2 ಕೆಜಿ ಮೈಲುತುತ್ತು, 2 ಕೆಜಿ ಸುಣ್ಣ ದಂಡ. ಕೆಳಗಿನ ತೋಟಕ್ಕೆ ಈ ವಾರ ಕೊಳೆ ಬಂದು ಹಸಿರು ಕಾಯಿ ಉದುರಿದರೆ, ಅದಕ್ಕೆ ಕಾರಣ ಮಳೆಯಲ್ಲ, ನಾನು. ಇದನ್ನು ಅಮ್ಮ ಆಗಲೇ ನಾಲ್ಕು ಸಲ ಹೇಳಿದ್ದಾಳೆ, ನೀನು ಐದನೇ ಸಲ ಹೇಳುವ ಅಗತ್ಯ ಇಲ್ಲ.

ಬಸ್ಸು ಇಪ್ಪತ್ತು ನಿಮಿಷ ತಡ. ಹಿಂಡಿ ಚೀಲದ ಸಂದಿಯಿಂದ ನಾನು ನೋಡಿದ್ದನ್ನು ಹೇಳುತ್ತೇನೆ, ಕೇಳು. ಮೊದಲು ಒಬ್ಬರು ಅಜ್ಜಿ ಇಳಿದರು, ಅವರ ಕೈಚೀಲ ನಿನ್ನ ಕೈಯಲ್ಲಿತ್ತು. ಅದನ್ನು ಕೊಟ್ಟೆ. ಕಂಡಕ್ಟರ್ ಹತ್ತಿರ ನಿಂತು ಕೈ ಚಾಚಿದೆ, ಅವನು ಏನೋ ಹೇಳಿದ, ನೀನು ಕೈ ಹಿಂದೆ ತೆಗೆಯಲಿಲ್ಲ. ಚಿಲ್ಲರೆ ಬರುವ ತನಕ ಬಸ್ಸನ್ನೇ ನಿಲ್ಲಿಸಿಕೊಂಡೆ! ಹೆಂಗಸರಿಗೆ ಬಸ್ ಫ್ರೀ ಅಂತ 2023ರಿಂದ ಊರೆಲ್ಲ ಹೇಳುತ್ತಾರೆ, ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ದಾರಿಯಲ್ಲಿ ಓಡುವುದೆಲ್ಲ ಪ್ರೈವೇಟು. ಎರಡು ರೂಪಾಯಿ ಬಿಡಬಾರದು ಅನ್ನೋದು ನಿನಗೆ ಅಮ್ಮನಿಂದ ಬಂದಿದ್ದು, ನನ್ನಿಂದಂತೂ ಅಲ್ಲ.

ಆಮೇಲೆ ಕೊಡೆ ಬಿಚ್ಚಿ ಹೊರಟೆ. ನಾನು ಬೈಕ್ ಅಲ್ಲೇ ಬಿಟ್ಟು ಹಿಂದೆ ಬಂದೆ. ಹೌದು, ಹಿಂದೆಯೂ ಬಂದೆ. ಇದು ಅಂಗಡಿಯಣ್ಣನಿಗೆ ಗೊತ್ತಿಲ್ಲ, ನಾನೇ ಹೇಳುತ್ತಿದ್ದೇನೆ. ದಾರಿಯಲ್ಲಿ ಒಂದು ಕಡೆ ನಿಂತು, ಕಾಲಿನಿಂದ ಇಂಬಳ ಕಿತ್ತು, ಬೆರಳಲ್ಲಿ ಉಂಡೆ ಮಾಡಿ ಆಚೆ ಎಸೆದು, ಮತ್ತೆ ನಡೆದೆ. ಎರಡನೇ ಕ್ಲಾಸಿನಲ್ಲಿ ಒಂದು ಇಂಬಳ ಹತ್ತಿದ್ದಕ್ಕೆ ಇಡೀ ಕೇರಿಗೆ ಕೇಳುವ ಹಾಗೆ ಕೂಗಿಕೊಂಡು, ಅಜ್ಜಿ ಉಪ್ಪು ಹಾಕಿ ಬಿಡಿಸಿದ ಮೇಲೂ ಅರ್ಧ ಗಂಟೆ ಅತ್ತವಳು ನೀನು.

ಹಳ್ಳ ತುಂಬಿತ್ತು. ಮೇಲೆ ಬಂದಿರಲಿಲ್ಲ, ಆದರೆ ಕೆಂಪು ನೀರು, ದಾಟುವ ಕಾಲುಸಂಕದ ಕೆಳಗೆ ಒಂದು ಮೊಳ ಜಾಗ ಇತ್ತೋ ಏನೋ. ನೀನು ಸಂಕದ ಮುಂದೆ ನಿಂತೆ. ನನ್ನ ಕಾಲು ತಾನೇ ಮುಂದೆ ಹೋಯಿತು, ಕೂಗಲು ಬಾಯಿ ತೆರೆದಿದ್ದೆ. ಆಗ ನೀನು ಕೊಡೆ ಮಡಚಿದೆ. ಅಷ್ಟು ಮಳೆಯಲ್ಲಿ! ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು, ಬ್ಯಾಗನ್ನು ಎರಡೂ ಹೆಗಲಿಗೆ ಸರಿ ಮಾಡಿ, ಒಂದು ಕೈಯಲ್ಲಿ ಕಬ್ಬಿಣದ ಕಂಬಿ ಹಿಡಿದು, ನೆನೆಯುತ್ತಾ ದಾಟಿದೆ. ದಾಟಿದ ಮೇಲೆ ಮತ್ತೆ ಕೊಡೆ ಬಿಚ್ಚಿದೆ. ಗಾಳಿಗೆ ಕೊಡೆ ಎಳೆದರೆ ಆಯ ತಪ್ಪುತ್ತದೆ ಅಂತ ನಿನಗೆ ಯಾರು ಹೇಳಿಕೊಟ್ಟರು? ನಾನು ಹೇಳಿಲ್ಲ. ಅಮ್ಮನನ್ನು ಕೇಳಿದೆ, ಅವಳೂ ಹೇಳಿಲ್ಲವಂತೆ.

ನಾನು ಈಚೆ ದಡದಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ. ಗೊಬ್ಬರದ ಚೀಲ ತಲೆ ಮೇಲೆ.

ನಿನಗೆ ಸಿಟ್ಟು ಬಂದಿದ್ದು ನಾನು ಬಂದಿದ್ದಕ್ಕಲ್ಲ, ಅಡಗಿ ಕೂತಿದ್ದಕ್ಕೆ ಅಂತ ಅಮ್ಮ ಹೇಳಿದಳು. "ನಂಬಿಕೆ ಇಲ್ಲ ಅಂದ್ರೆ ಇಲ್ಲ ಅಂತ್ಲೇ ಹೇಳ್ಬೇಕಿತ್ತು" ಅಂದೆಯಂತೆ. ನಾನು ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ನಂಬಿಕೆ ಇಲ್ಲ ಅಂತ ಅಲ್ಲ ಮಾರಾಯ್ತಿ. ನೀನು ಹತ್ತು ವರ್ಷದವಳಿದ್ದಾಗ ಔಷಧಿ ಕಲಸುವ ದಿನ ಡ್ರಮ್ಮಿನ ಹತ್ತಿರ ಬಂದು ನಿಂತಿದ್ದೆ, ನೆನಪಿದೆಯಾ? ಅಡುಗೆಮನೆಯ ಹಳೇ ಕಬ್ಬಿಣದ ಚಾಕು ನಿನ್ನ ಕೈಗೆ ಕೊಟ್ಟು, ಇದನ್ನು ಅದ್ದಿ ಸ್ವಲ್ಪ ಹೊತ್ತು ಹಿಡಿ, ತೆಗೆದಾಗ ಅಲಗು ಕೆಂಪಗೆ ತಾಮ್ರದ ಹಾಗೆ ಆಗಿದ್ದರೆ ಸುಣ್ಣ ಸಾಲದು ಅಂತ ಹೇಳಿಕೊಟ್ಟೆ. ನೀನು ಅದ್ದಿದೆ. ಬಾಯಲ್ಲಿ ಒಂದು, ಎರಡು ಎಣಿಸಿದೆ. ತೆಗೆದು ಬೆಳಕಿಗೆ ಹಿಡಿದು, "ಸಾಲ್ದು ಅಪ್ಪ" ಅಂದೆ. ನನ್ನ ಕಣ್ಣಿಗೆ ಸರಿಯಾಗೇ ಕಂಡಿತ್ತು. ಕನ್ನಡಕ ಹಾಕಿಕೊಂಡು ನೋಡಿದರೆ, ತುದಿಯಲ್ಲಿ ಕೂದಲೆಳೆಯಷ್ಟು ಕೆಂಪು. ಹಾಗೇ ಹೊಡೆಸಿದ್ದರೆ ಎಳೇ ಕಾಯಿ ಸುಟ್ಟುಹೋಗುತ್ತಿತ್ತು. ಅವತ್ತಿಂದ ಚಾಕು ನಿನ್ನದೇ ಅಲ್ವಾ? ಇಡೀ ವರ್ಷದ ದುಡಿಮೆಯನ್ನು ನಿನ್ನ ಕಣ್ಣಿನ ಮೇಲೆ ಬಿಟ್ಟಿದ್ದೇನೆ. ಒಂದೂವರೆ ಕಿಲೋಮೀಟರ್ ದಾರಿಯನ್ನು ಬಿಡಲು ಆಗಲಿಲ್ಲ ಅನ್ನೋದು ನನಗೂ ವಿಚಿತ್ರವೇ.

ಒಂದು ವಿಷಯ ನಿನಗೆ ಇದುವರೆಗೆ ಹೇಳಿಲ್ಲ. 2015ರ ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನಲ್ಲೇ ಶಾಲೆಯಿಂದ ಮನೆಗೆ ಬರುತ್ತಿದ್ದ ಒಬ್ಬಳು ಹುಡುಗಿ ಹಳ್ಳದಲ್ಲಿ ಕೊಚ್ಚಿಹೋದಳು. ನಿನಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ದಿನಗಟ್ಟಲೆ ಹುಡುಕಿದರು. ನಾವು ಯಾರೂ ಆ ಮನೆಯವರನ್ನು ಕಂಡವರಲ್ಲ, ಆದರೂ ಆ ವಾರ ಈ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ನಮ್ಮ ಹಳ್ಳಕ್ಕೂ ಆಗ ಇದ್ದದ್ದು ಅಡಿಕೆ ಮರದ ಸಂಕವೇ. ಮೂರು ಮರ ಜೋಡಿಸಿ ಕಟ್ಟಿದ್ದು, ಕೈಗೆ ಹಿಡಿಯಲು ಒಂದು ಬಿದಿರು. ಪಾಚಿ ಕಟ್ಟಿದರೆ ದೊಡ್ಡವರೇ ಜಾರುತ್ತಿದ್ದರು. ನೀನು ಶಾಲೆಗೆ ಹೋಗುವ ಹೊತ್ತಿಗೆ ಇದು ಬದಲಾಗಬೇಕು ಅಂತ ಅರ್ಜಿ ಹಿಡಿದು ಎಷ್ಟು ತಿರುಗಿದೆವೋ. ಕೊನೆಗೂ ಸಿಮೆಂಟಿನದ್ದು ಬಂತು, ಕಂಬಿಯೂ ಬಂತು. ಆದರೆ ನೀನು ಅದರ ಮುಂದೆ ನಿಂತಾಗ ನನ್ನ ಕಣ್ಣಿಗೆ ಕಾಣುವುದು ಮಾತ್ರ ಹಳೇ ಸಂಕ. ಅದನ್ನು ನಾನು ಏನು ಮಾಡಲಿ, ಹೇಳು.

ಇನ್ನು ಅಜ್ಜಿ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದ ಮಾತು. ನಾನು ಇಷ್ಟು ವರ್ಷ ನಿನಗೆ ಹೇಳಿದ ಕತೆ ಏನು? ಒಂದನೇ ಕ್ಲಾಸಿನಿಂದ ಒಬ್ಬನೇ, ಕಂಬಳಿ ಕೊಪ್ಪೆ ಹಾಕಿಕೊಂಡು, ಸ್ಲೇಟು ಹೊಟ್ಟೆಗೆ ಸಿಕ್ಕಿಸಿಕೊಂಡು, ಸಂಕ ದಾಟಿ ಹೋಗುತ್ತಿದ್ದೆ ಅಂತ. ಅಜ್ಜಿ ತಂಬುಳಿ ಬಡಿಸುತ್ತಾ, ತಲೆ ಕೂಡ ಎತ್ತದೆ, "ಆರನೇ ಕ್ಲಾಸಿನ ತನಕ ನಿಮ್ಮಜ್ಜ ಹೆಗಲ ಮೇಲೆ ಕೂರಿಸ್ಕೊಂಡು ದಾಟಿಸ್ತಿದ್ರು ಇವನನ್ನ" ಅಂದಳಲ್ಲ. ನೀನು ಮಾತು ಬಿಟ್ಟಿದ್ದೆ, ನಗುವ ಹಾಗಿಲ್ಲ. ತುಟಿ ಬಿಗಿ ಹಿಡಿದು ತಟ್ಟೆ ನೋಡುತ್ತಾ ಕೂತೆ. ಹೆಗಲು ಅಲುಗಾಡಿದ್ದು ಕಂಡಿತು ನನಗೆ. ಅಜ್ಜಿ ಹೇಳಿದ್ದು ಪೂರ್ತಿ ಸರಿಯಲ್ಲ, ಐದನೇ ಕ್ಲಾಸಿನ ತನಕ.

ನೀನು ಹುಟ್ಟಿದ್ದೂ ಮಳೆಯಲ್ಲೇ. ಆಶ್ಲೇಷ ಮಳೆ. ಶಿವಮೊಗ್ಗಕ್ಕೆ ಅಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋಗುವಾಗ ಮಂಡಗದ್ದೆ ಹತ್ತಿರ ರಸ್ತೆಗೆ ಮರ ಬಿದ್ದಿತ್ತು. ಮರ ಕಡಿದು ದಾರಿ ಮಾಡುವ ತನಕ ನಾನು ಜೀಪಿನ ಸುತ್ತ ಹನ್ನೆರಡು ಸುತ್ತು ಹಾಕಿದೆನಂತೆ. ಅಮ್ಮ ಒಳಗಿಂದ ಎಣಿಸಿದ್ದಳು. "ಬಂದು ಕೂತ್ಕೊಳಿ, ನೀವು ತಿರುಗಿದ್ರೆ ಮರ ಏಳಲ್ಲ" ಅಂದಳು. ನೋವು ಅವಳಿಗೆ, ಸಮಾಧಾನ ನನಗೆ. ನಾನು ಅವತ್ತೂ ಹಾಗೇ, ಈಗಲೂ ಹಾಗೇ. ನಿನ್ನ ಮೊದಲ ಹಲ್ಲು ಬಿದ್ದಾಗ ಸಗಣಿ ಉಂಡೆಯಲ್ಲಿ ಇಟ್ಟು ಮಾಡಿನ ಮೇಲೆ ಎಸೆಯುವ ಕೆಲಸವನ್ನೂ ನಿನಗೆ ಬಿಡಲಿಲ್ಲ. ನಾನು ಎಸೆದೆ, ಅದು ಹಂಚಿನ ಮೇಲಿಂದ ಉರುಳಿ ಅಂಗಳಕ್ಕೇ ಬಂತು. ಎರಡನೇ ಹಲ್ಲನ್ನು ನೀನೇ ಎಸೆದೆ. ಅದು ಮೇಲೇ ನಿಂತಿತು.

ಸರಿ, ಈಗ ಕೆಲಸದ ಮಾತು.

ನಾಳೆಯಿಂದ ನಾನು ಕ್ರಾಸಿಗೆ ಬರುವುದಿಲ್ಲ. ಹಿಂದೆ ಬರುವುದೂ ಇಲ್ಲ. ಆದರೆ ಒಂದು ಕರಾರು. ಮಧ್ಯಾಹ್ನ ಊಟದ ಹೊತ್ತಿಗೆ ತುಂಗೆ ನೋಡಿಕೊಂಡು ಬರುವವರು ನಿಮ್ಮ ಕ್ಲಾಸಿನಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಹೊಳೆ ನಡುವಿನ ರಾಮಮಂಟಪ ಮುಳುಗಿದೆ ಅಂತ ಸುದ್ದಿ ಬಂದರೆ, ನಮ್ಮ ಹಳ್ಳವೂ ಮೇಲೆ ಬಂದಿರುತ್ತದೆ ಅಂತಲೇ ತಿಳಿದುಕೋ. ಅವತ್ತು ಬಸ್ ಹತ್ತಬೇಡ, ಕುರುವಳ್ಳಿಗೆ ಚಿಕ್ಕಮ್ಮನ ಮನೆಗೆ ಹೋಗು. ಇಲ್ಲಿಗೆ ಫೋನ್ ಸಿಗದಿದ್ದರೂ ಪರವಾಗಿಲ್ಲ, ನೀನು ಅಲ್ಲಿದ್ದೀಯ ಅಂತ ನಾನು ಅಂದುಕೊಳ್ಳುತ್ತೇನೆ. ಚಿಕ್ಕಮ್ಮನಿಗೆ ಹೇಳಿಟ್ಟಿದ್ದೇನೆ, ನಿನ್ನ ಒಂದು ಜೊತೆ ಬಟ್ಟೆ ಅಲ್ಲಿ ಇಡಲು ಅಮ್ಮ ಕೊಟ್ಟು ಕಳಿಸುತ್ತಾಳೆ. ರಾಮಮಂಟಪ ಕಾಣುತ್ತಿದ್ದರೆ ಬಾ. ಹಳ್ಳದ ಹತ್ತಿರ ನಿಂತು ನೋಡಿ ನಿನಗೆ ಸರಿ ಕಾಣದಿದ್ದರೆ ವಾಪಸ್ ಅಂಗಡಿಗೆ ಹೋಗಿ ಕೂರು. ದಾಟುವುದೋ ಬೇಡವೋ ಅನ್ನೋದನ್ನು ನೀನೇ ನೋಡು.

ಕೊಡೆಯ ಎರಡು ಕಡ್ಡಿ ಮುರಿದಿತ್ತು, ಕಟ್ಟಿದ್ದೇನೆ. ಪೇಟೆಯಲ್ಲಿ ಹೊಸದು ತರುತ್ತೇನೆ ಅಂದರೆ ನೀನು ಆ ಚಿತ್ರ ಇರುವುದೇ ಬೇಕು ಅನ್ನುತ್ತೀಯ, ಅದು ಸಿಗುವ ತನಕ ಇದು ನಡೆಯುತ್ತದೆ. ರಾತ್ರಿ ಮೊಬೈಲಿನಲ್ಲಿ ರಜೆ ಮೆಸೇಜು ಬಂತಾ ಅಂತ ಹತ್ತು ಸಲ ನೋಡಬೇಡ, ಬಂದರೆ ಹೇಗೂ ನಿಮ್ಮ ಕ್ಲಾಸಿನವರು ಊರಿಗೆಲ್ಲ ತಿಳಿಸುತ್ತಾರೆ.

ಕೊನೆಗಾರ ಮಂಗಳವಾರ ಬರುತ್ತೇನೆ ಅಂದಿದ್ದಾನೆ, ಹೊಳವಾದರೆ. ಅವನಿಗೂ ಸಿಟ್ಟಿದೆ, ಆದರೆ ಅವನದು ಕೂಲಿ ಕೊಟ್ಟರೆ ಇಳಿಯುತ್ತದೆ. ಬೆಳಿಗ್ಗೆ ಏಳಕ್ಕೇ ಕಲಸುತ್ತೇನೆ, ನಿನ್ನ ಬಸ್ಸಿಗೆ ಇನ್ನೂ ಸಮಯ ಇರುತ್ತದೆ. ಯೂನಿಫಾರ್ಮ್ ಹಾಕುವ ಮೊದಲು ಬಾ, ಮೈಲುತುತ್ತಿನ ಕಲೆ ಹೋಗಲ್ಲ. ಮಾತಾಡಬೇಕು ಅಂತೇನಿಲ್ಲ. ಚಾಕು ಒಲೆಯ ಮೇಲಿನ ಗೂಡಿನಲ್ಲಿದೆ.

ಅಪ್ಪ